ಎದ್ದ ಎಣಿಕೆ

ಅಕ್ಕಲಕೋಟದ ಸ್ಟ್ಯಾಂಡಿನ ಹಿಂದೆ
ಹನ್ನೆರಡಡಿ ಅಗಲದ ನನ್ನ ಸ್ಟುಡಿಯೋ.
ಮುಂದೆ ನಾನು, ಕಂಪ್ಯೂಟರು, ಗೋಡೆಗೆ ನೀಲಿ ಬಟ್ಟೆ;
ಪರದೆಯಾಚೆ ಕಸ್ತೂರಿ,
ಸರಕಾರಿ ದವಾಖಾನೆಯ ರಾತ್ರಿಪಾಳಿ ಮುಗಿಸಿ ಬಂದು
ಕಣ್ಣ ಮೇಲೆ ಸೆರಗೆಳೆದು ಹಗಲನ್ನು ಮಲಗುವವಳು.

ಡಬ್ಬಿಯೊಳಗೆ ಡಿಸ್ಕು ಎರಡು.
ಒಂದು ದಿನದ ದುಡಿಮೆಗೆ, ಸದ್ದೇ ಇಲ್ಲದ್ದು.
ಇನ್ನೊಂದು ಹಳೆಯದು, ತಿರುಗುವ ತಟ್ಟೆಯದು:
ಹದಿನಾರು ವರ್ಷದ ಲಗ್ನ, ಕುಬಸ, ಜಾವಳ,
ಪಾಸ್‌ಪೋರ್ಟ್ ಅಳತೆಯ ಗಂಭೀರ ಮುಖಗಳು.
ತಿಂಗಳಿಗೊಮ್ಮೆ ಯಾರಾದರೂ ಕೇಳಿದರೆ ಕೇಳಿದರು.
ಇಪ್ಪತ್ತು ನಿಮಿಷ ಯಾರೂ ಮುಟ್ಟದಿದ್ದರೆ ಮಲಗು ಎಂದು
ನಾನೇ ಬರೆದುಕೊಟ್ಟಿದ್ದೇನೆ.
ಮಲಗುತ್ತದೆ, ಪಾಪ.
ಮಲಗಿ ಹತ್ತು ನಿಮಿಷಕ್ಕೆ
ಟಕ್. ಗುರ್ರ್.
ಬಾವಿಯ ಗಡಗಡಿ ತಾನೇ ತಿರುಗಿದ ಹಾಗೆ.

ಪರದೆಯಾಚೆ ಬಳೆ ಸದ್ದು.
"ಯಾರ್ ಬಂದ್ರು?"
"ಯಾರಿಲ್ಲ, ಮಲಕೋ."

ಯಾರೂ ಇಲ್ಲದೆ ಎಬ್ಬಿಸಿದ್ದು ಯಾರು?

ಹೆಜ್ಜೆ ಹಿಡಿದು ಹುಡುಕಿದೆ.
ಮೊದಲು ಸಿಕ್ಕವನು ಪಟ್ಟಿ ಬರೆಯುವ ಕಾರಕೂನ;
ಮುಂದೆಂದೋ ಯಾರೋ ಹುಡುಕಿಯಾರೆಂದು
ಪ್ರತಿ ಫೋಲ್ಡರಿನ ಕದ ಬಡಿದು ಹೆಸರು ಕೇಳುತ್ತಿದ್ದ.
ಈ ಓಣಿ ನಿನಗೆ ಬೇಡ ಎಂದೆ.
ಆಮೇಲೆ ಆಂಟಿವೈರಸ್ಸು, ಮಧ್ಯಾಹ್ನ ಒಂದಕ್ಕೆ,
ಸರಿಯಾಗಿ ಕಸ್ತೂರಿಯ ಜೊಂಪಿನ ಹೊತ್ತಿಗೆ,
ಹಳೆಯ ಮದುವೆಗಳಲ್ಲಿ ರೋಗ ಹುಡುಕುವ ವೈದ್ಯ.
ರವಿವಾರ ಬಾ ಎಂದೆ, ಅವಳ ಸುಟ್ಟಿಯ ದಿನ.
ನಾನೂ ಒಬ್ಬ ಗುನ್ಹೆಗಾರನೇ:
ಒಂದು ಚೀಟಿ ಉಳಿಸಹೋದರೂ ಈ ಯಂತ್ರ
ಎಲ್ಲಿಡಲಿ, ಎಲ್ಲಿಡಲಿ ಎಂದು
ಮಲಗಿದವರನ್ನೂ ಅಲುಗಾಡಿಸಿ ಕೇಳುತ್ತದೆ.
ಆ ಡಿಸ್ಕಿನ ಅಕ್ಷರವನ್ನೇ ಅಳಿಸಿ
ಖಾಲಿ ಫೋಲ್ಡರೊಂದರ ಹಿಂದೆ ಅದಕ್ಕೊಂದು ಹಿತ್ತಿಲ ಬಾಗಿಲಿಟ್ಟೆ.

ಆದರೂ ಅರ್ಧ ತಾಸಿಗೊಮ್ಮೆ ಟಕ್. ಗುರ್ರ್.

ಉದ್ರಿ ವಹಿಯ ಹಿಂದಿನ ಹಾಳೆಯಲ್ಲಿ
ಎರಡು ವಾರ ವೇಳೆ ಬರೆದೆ.
ಕೊನೆಗೆ ಸಿಕ್ಕಿಬಿದ್ದದ್ದು
ಡಿಸ್ಕಿನ ತಬ್ಯೇತು ನೋಡಲೆಂದು
ನಾನೇ ಅಕ್ಕರೆಯಿಂದ ಹಾಕಿದ್ದ ಪುಟ್ಟ ತಂತ್ರಾಂಶ.
ಅರ್ಧ ತಾಸಿಗೊಮ್ಮೆ ಹೋಗಿ ಭುಜ ತಟ್ಟುತ್ತದೆ:
ಮೈ ಬಿಸಿಯಿಲ್ಲವಷ್ಟೆ? ನಿದ್ದೆ ಚೆನ್ನಾಗಿ ಬಂತೆ?
ಅದರದೇ ದಫ್ತರದಲ್ಲಿ ಲೆಕ್ಕವೂ ಇತ್ತು.
ಓಡಿದ ತಾಸು ಹನ್ನೊಂದು ಸಾವಿರ ಚಿಲ್ಲರೆ.
ಎದ್ದ ಎಣಿಕೆ
ಇಪ್ಪತ್ತೊಂದು ಸಾವಿರದ ನಾಲ್ಕುನೂರ ಏಳು.
ತಿರುಗಿ ಸವೆದದ್ದಕ್ಕಿಂತ
ಎದ್ದೆದ್ದು ಸವೆದದ್ದೇ ಹೆಚ್ಚು.

ನಮ್ಮ ಕಡೆ ಹಳ್ಳಿಗಳಿಗೂ ಹೀಗೇ ಜೀಪು ಬರುತ್ತದೆ.
ಬೋರ್ಡು ಮರಾಠಿ, ಬೈಗುಳ ಕನ್ನಡ,
ಸಂತೆಯ ಚೌಕಾಶಿ ಬಾಯಿಗೆ ಬಂದದ್ದರಲ್ಲಿ,
ತನ್ನಷ್ಟಕ್ಕೆ ನಡೆದಿರುತ್ತದೆ.
ಚುನಾವಣೆ ಸಮೀಪಿಸಿದರೆ ಯಾರೋ ಇಳಿದು ಮೈಕು ಚಾಚಿ
ನೀವು ಆ ಕಡೆಯವರೋ ಈ ಕಡೆಯವರೋ ಎನ್ನುತ್ತಾರೆ.
ಎರಡು ದಿನ ಊರು ಗುರ್ರ್ ಎನ್ನುತ್ತದೆ.
ಉತ್ತರ ಬರೆದುಕೊಂಡವರನ್ನು ನಾನು ಕಂಡಿಲ್ಲ.

ತಂತ್ರಾಂಶಕ್ಕೆ ಹೇಳಿದೆ: ಮಲಗಿದ್ದರೆ ಕೇಳಬೇಡ,
ತಾನಾಗಿ ಎದ್ದಾಗ ಕೇಳಿಕೋ.
ಒಂದು ತಾಸು. ಎರಡು ತಾಸು.
ಫ್ಯಾನಿನ ಗಾಳಿ ಬಿಟ್ಟರೆ ಏನಿಲ್ಲ.
ಹಿಗ್ಗು ತಡೆಯದೆ ಮೆಲ್ಲಗೆ ಪರದೆ ಸರಿಸಿದೆ,
ಅವಳಿಗೆ ನಿದ್ದೆ ಹತ್ತಿತೋ ಇಲ್ಲವೋ ನೋಡಲು.
ಪರದೆಯ ಉಂಗುರ ಕಿಣ್ ಎಂದಿತು.
ಸೆರಗಿನೊಳಗಿಂದಲೇ ಅವಳು:
"ಮಲಗೇನೇನಂತ ನೋಡಾಕ ಬಂದು ಎಬ್ಬಿಸಿದ್ರಲ್ಲಾ,
ನಿಮ್ಮನ್ನ ಬಂದ್ ಮಾಡೂ ಗುಂಡಿ ಎಲ್ಲೈತಿ ಅದರಾಗ?"

ಅದೇ ದಿನ ನಾಲ್ಕಕ್ಕೆ
ತೋಳನೂರಿನ ಮಲಕಾಜಪ್ಪ ಬಂದರು.
ಹನ್ನೊಂದನೇ ಇಸವಿಯ ಲಗ್ನದ ಫೋಟೋ ಬೇಕಂತೆ;
ಮದುಮಕ್ಕಳಲ್ಲ, ಅವರ ಹಿಂದಿದ್ದ ಬೇವಿನ ಗಿಡ.
ಗಿಡ ತನ್ನ ಬದುವಿನಲ್ಲಿತ್ತೆಂದು ತಮ್ಮನಿಗೆ ತೋರಿಸಬೇಕು.

ಹಿತ್ತಿಲ ಬಾಗಿಲು ಒತ್ತಿದೆ.
ಟಕ್.
"ಒಂಚೂರು ತಡೀರಿ, ಮಲಗಿತ್ತು, ಏಳಾಕತ್ತೈತಿ."

ಅವರು ಪರದೆಯತ್ತ ನೋಡಿದರು.
ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ದನಿ ತಗ್ಗಿಸಿ,
"ಬ್ಯಾಡ್ರಿ, ಬ್ಯಾಡ್ರಿ, ಎಬ್ಬಸಬ್ಯಾಡ್ರಿ.
ಗಿಡ ಎಲ್ಲಿ ಹೋಗ್ತೈತಿ, ನಾಳಿ ಬರ್ತೇನಿ" ಎಂದು
ನಾನು ಬಾಯಿ ತೆರೆಯುವ ಮೊದಲೇ
ಚಪ್ಪಲಿ ಸದ್ದಾಗದಂತೆ ಇಳಿದು ಹೋದರು.

ತಟ್ಟೆ ಪೂರ್ತಿ ವೇಗಕ್ಕೆ ಬಂದು ಕಾಯುತ್ತಿತ್ತು.
ನಾಲ್ಕುನೂರ ಎಂಟು.