ಹಾಂ

ರಾತ್ರಿ ಎರಡು ಹತ್ತು. ತೋರಣಗಲ್ಲಿನ ಗೋಪುರ.
ಗಾಜಿನಾಚೆ ಉಕ್ಕಿನ ಕುಲುಮೆ
ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು
ಮುಗಿಲಿಗೆ ಕುಂಕುಮ ಬಳಿದು ಮುಚ್ಚಿಕೊಳ್ಳುತ್ತದೆ.
ಒಳಗೆ ನಾನು, ಆರಿದ ಚಹಾ, ಒಂದು ಪರದೆ,
ಪರದೆಯ ಮೇಲೆ ಎರಡು ಚುಕ್ಕಿ.

ಚುಕ್ಕಿಗೊಂದು ಚೀಟಿ ಅಂಟಿರುತ್ತದೆ:
ಹೆಸರು, ಎತ್ತರ, ವೇಗ.
ನನ್ನ ಆಕಾಶ ಆದವಾನಿಯ ಹತ್ತಿರ ಮುಗಿಯುತ್ತದೆ.
ಅಲ್ಲಿ ಬೇಲಿಯಿಲ್ಲ, ಬದುವಿಲ್ಲ, ಕಲ್ಲು ನೆಟ್ಟವರಿಲ್ಲ;
ಆದರೂ ಗಡಿ ಗಡಿಯೇ. ಆಚೆಯದು ಹೈದರಾಬಾದಿನವರದು.
ಹತ್ತು ಮೈಲಿ ಇರುವಾಗ ಗುಂಡಿ ಒತ್ತುತ್ತೇನೆ,
ಚೀಟಿ ಮಿನುಗುತ್ತದೆ: ತಗೋ, ತಗೋ, ತಗೋ.
ತಗೊಂಡರೆ ಮಿನುಗು ನಿಲ್ಲುತ್ತದೆ.
ಅಷ್ಟೇ ಕೆಲಸ.

ಇವತ್ತು ನಿಲ್ಲಲಿಲ್ಲ.
ಸೆವೆನ್ ಒನ್ ಫೋರ್ ಮಿನುಗಿತು, ಮಿನುಗಿತು,
ಆಮೇಲೆ ಚೀಟಿಯೇ ಉದುರಿಬಿತ್ತು.
ಬರೀ ಚುಕ್ಕಿ.
ಎಲ್ಲೋ ನೆಲದಡಿಯ ಒಂದು ತಂತಿ
ಯಾವ ಜೆಸಿಬಿಯ ಹಲ್ಲಿಗೆ ಸಿಕ್ಕಿತೋ.

ಕೆಂಪು ಫೋನಿನದು ಬೇರೆ ತಂತಿ, ಬದುಕಿತ್ತು.
"ಸೆವೆನ್ ಒನ್ ಫೋರ್ ಕಾಣ್ತಿದೆಯಾ ನಿಮಗೆ?"
ಆ ಕಡೆ ಗೊರಗೊರ, ಇನ್ಯಾರ ಜೊತೆಗೋ ಮಾತು,
ಆಮೇಲೆ ನಿದ್ದೆ ತುಂಬಿದ ಗಂಡುದನಿ:
"ಹಾಂ."

ಈ ಹಾಂ ನನಗೆ ಗೊತ್ತು.

ಅವ್ವ ಸುಂಕಮ್ಮ, ಇದೇ ಬಯಲಲ್ಲಿ ಕಾರ್ಖಾನೆಯ ಗೋಡೆ ಏಳುವಾಗ
ಪುಟ್ಟಿ ಎತ್ತಿಕೊಟ್ಟವಳು. ಸಾರುವೆಯ ಮೇಲೆ
ಹಂತಕ್ಕೊಬ್ಬಳು ಹೆಂಗಸು, ಕಲಸಿದ ಸಿಮೆಂಟು
ಕೈಯಿಂದ ಕೈಗೆ ಹತ್ತುತ್ತಿತ್ತು,
ತುದಿಯಲ್ಲಿ ಗೌಂಡಿ ಗಾದಿಲಿಂಗ.
ಮೇಲಿನವಳು ಹಾಂ ಅಂದಮೇಲೆಯೇ ಕೆಳಗಿನವಳು ಬಿಡಬೇಕು.
ನಾನು ಮರಳಿನ ಗುಡ್ಡೆಯ ಮೇಲೆ ಕೂತು
ದಿನಕ್ಕೆ ಎಷ್ಟು ಹಾಂ ಎಂದು ಎಣಿಸುತ್ತ
ನೂರರ ಆಚೆಯ ಲೆಕ್ಕ ಕಲಿತೆ.

ಒಂದು ಮಧ್ಯಾಹ್ನ ಗಾದಿಲಿಂಗ ಬೀಡಿಗೆ ಕಡ್ಡಿ ಕೇಳಿದ.
ಅವ್ವನ ಮೇಲಿದ್ದವಳು ಅವನಿಗೆ ಹಾಂ ಅಂದಳು.
ಅವ್ವ ಬಿಟ್ಟಳು.
ಎಡಗಾಲು. ಕಾಲುಂಗುರದ ಬೆರಳು, ಅದರ ಪಕ್ಕದ್ದು.
"ಆಕಿ ಸುಳ್ಳು ಹೇಳಲಿಲ್ಲ," ಈಗಲೂ ಅನ್ನುತ್ತಾಳೆ,
"ಹಾಂ ಅಂದದ್ದು ಖರೆ. ನನಗಂದದ್ದಲ್ಲ."

"ಯಾವುದಕ್ಕೆ ಹಾಂ?" ಕೇಳಿದೆ.
"ಎಲ್ಲಿದೆ, ಎಷ್ಟು ಎತ್ತರ, ಓದಿ ಹೇಳಿ."
ಕುರ್ಚಿ ಸರಿದ ಸದ್ದು.
"ಮೇಡಂ... ನನ್ನ ಹತ್ತಿರ ಇರೋದು ಸೆವೆನ್ ಫೋರ್ ಒನ್."

ನಾನು ಬಿಟ್ಟಿರಲಿಲ್ಲ.
ಗಡಿ ದಾಟಿ ಹನ್ನೊಂದು ಮೈಲಿ
ಅವರ ಆಕಾಶದಲ್ಲಿ ನನ್ನ ವಿಮಾನ,
ಅವರಿಗೆ ಕಾಣದ್ದು, ನನ್ನ ಕಿವಿಯೊಳಗೆ ಮಾತ್ರ ಇರುವುದು.
ಪೈಲಟ್ ಕೆಮ್ಮಿ ಮುಂದಿನವರ ನಂಬರ್ ಕೇಳಿದ.
ಇರಿ ಅಂದೆ.
ಅರವತ್ತೆಂಟು ಜನ. ಅವರಲ್ಲೊಬ್ಬರು ಕಿಟಕಿಯ ಪರದೆ ಎತ್ತಿ
ದೂರದ ಕುಲುಮೆಯ ಕೆಂಪು ಕಂಡು
ಇಷ್ಟು ಬೇಗ ಬೆಳಗಾಯಿತೇ ಎಂದುಕೊಂಡಿರಬಹುದು.

"ಸೆವೆನ್ ಒನ್ ಫೋರ್," ಆ ದನಿ ಈಗ ಪೂರ್ತಿ ಎಚ್ಚರ,
"ಆದವಾನಿಗೆ ಈಶಾನ್ಯ, ಹದಿನೇಳು ಸಾವಿರ ಅಡಿ. ಸಿಕ್ಕಿತು."
ಆಗ ಬಿಟ್ಟೆ.
ಆಮೇಲೆ ಮೇಜಿನ ಅಂಚು ಹಿಡಿದು ಕೂತೆ, ಸುಮ್ಮನೆ.

ದಾಖಲೆ ಪುಸ್ತಕದಲ್ಲಿ ಬರೆದದ್ದು:
ಹಸ್ತಾಂತರ ಮೂರು ನಿಮಿಷ ತಡ. ಕಾರಣ, ತಂತಿ.

ಆರಕ್ಕೆ ನೂರ್ ಬಾಷಾ ಬಂದ, ಮೈಯೆಲ್ಲ ಸೋಪಿನ ವಾಸನೆ,
ಕೈಯಲ್ಲಿ ಒಗ್ಗರಣಿ ಮಿರ್ಚಿಯ ಪೊಟ್ಟಣ.
"ಏನರ ವಿಶೇಷ ಐತೇನು?"
"ಗಾಳಿ ಪಡುವಣದಿಂದ, ಎಂಟು ನಾಟ್. ಒಂದು ತಂತಿ ಸತ್ತಿದೆ."
ಹೆಡ್‌ಸೆಟ್ ಚಾಚಿದೆ.
ಪೊಟ್ಟಣದ ದಾರ ಹಲ್ಲಲ್ಲಿ ಕಚ್ಚಿ,
ಒಂದು ಕೈ ನೀಡಿ, ನನ್ನ ಕಡೆ ನೋಡದೆ,
ಹಾಂ ಅಂದ.

ಬಿಡಲಿಲ್ಲ.