ಙ ಅಕ್ಷರದ ಖಾನಿ

ಮೊಳೆ ಜೋಡಸೂದಂದ್ರ ಕನ್ನಡಿಯೊಳಗ ಬಾಳೇವು ಮಾಡಿಧಂಗ.
ತೆಳಗ ತಲಿ, ಮ್ಯಾಲ ಕಾಲು,
ಹೊಟ್ಟಿಯೊಳಗಿನ ಕೂಸಿನಂಗ ನಿಂತಿರತಾವು ಅಕ್ಷರ.
ಬೆಟಗೇರಿ ರೈಲ್ವೆ ಗೇಟಿನಾಚೆ, ಕುರಡಗಿಯವರ ಪ್ರೆಸ್ಸಿನ್ಯಾಗ
ಇಪ್ಪತ್ತೆರಡು ವರ್ಷ
ಮಂದಿ ಮಕ್ಕಳ ಹೆಸರು ಮೊದಲ ಮುಟ್ಟಿದಾಂವ ನಾನು.
ಕಾರ್ಡಿನ ನೆತ್ತಿಗೆ ಒಂದು ತೊಟ್ಟಿಲ ಚಿತ್ರ, ಸತುವಿನ ಬ್ಲಾಕು,
ಅಂಚು ಸವದು ಹಗ್ಗ ಹರದಂಗ ಕಾಣತಿತ್ತು;
ಇಡೀ ಊರಿಗೆ ಅದೊಂದ ತೊಟ್ಟಿಲ.

ವಿದ್ಯಾನಗರದ ಡಾಕ್ಟರು ಕೇಳಿದ್ರು: ಏನ್ ಕೆಲಸಾ?
ಮೊಳೆ ಜೋಡಸ್ತೀನ್ರಿ.
ಯಾತರವು?
ಸೀಸದವು.
ಅವರು ಪೆನ್ನು ಕೆಳಗಿಟ್ರು.

ಬೆರಳಿನಿಂದ ರೊಟ್ಟಿಗೆ, ರೊಟ್ಟಿಯಿಂದ ರಕ್ತಕ್ಕ
ಇಳದಿರಬಹುದಂತ ಸೀಸ, ಸದ್ದಿಲ್ಲದ.
ಎಣಿಕಿ ಕಡಿಮಿ, ಇದ್ದವಕ್ಕೂ ಓಟ ಇಲ್ಲ.
ಬರಕೊಟ್ರು: ಸತು, ಸೆಲೆನಿಯಂ, ದಿನಕ್ಕೊಂದು, ತೊಂಬತ್ತು ದಿನ.
“ಇದರಿಂದ ಆಗತೈತಿ ಅಂತ ಆಣಿ ಮಾಡಾಂಗಿಲ್ಲ ನಾ.
ಮೊದಲ ಕೈ ತೊಳಕೊಳ್ಳೂದು ಕಲೀರಿ.”

ಅಣ್ಣಿಗೇರಿ ದಾಟೂತನಾ ಆ ಚೀಟಿನ ಓದಿದೆ.
ಕರಡು ತಿದ್ದೂ ಚಟ ಕೆಟ್ಟದ್ದು.
ಸತು: ಒಂದು ಒತ್ತು ಹೆಚ್ಚಾದ್ರ ಸತ್ತು.
ಕೊಂಬು ಒಂದು ಮನಿ ಹಿಂದ ಸರದ್ರ
ಸುತ.
ಕಿಟಕಿಯಾಚೆ ಕರಿ ಎರಿ ಹೊಲ, ಕಡ್ಲಿ ಹೂವು.
ನಗು ಬಂತು. ಎದುರಿಗಿದ್ದಾಂವ ಸರದು ಕುಂತ.

ಮನ್ಯಾಗ ಇಡಾಕ ಜಾಗಾ ಇರಲಿಲ್ಲ.
ಕಪಾಟಿನ ತುಂಬ ದಾಕ್ಷಿಯ ಹನ್ನೊಂದು ವರ್ಷ:
ಅರಿಷ್ಟದ ಬಾಟಲಿ, ಸ್ಕ್ಯಾನಿನ ಲಕೋಟಿ,
ಕಪ್ಪತಗುಡ್ಡದ ಬೇರು ಅವ್ವ ತೇದು ಕುಡಿಸಿದ್ದು.
“ಆ ಗುಡ್ಡದ ಹೊಟ್ಯಾಗ ಬಂಗಾರ ಐತಿ, ಕಬ್ಬಿಣ ಐತಿ,
ನನ್ನ ಸೊಸಿ ಹೊಟ್ಯಾಗ ಏನೈತೇ?” ಅಂತಿದ್ಲು ಅವ್ವ, ಮಂದಿ ಮುಂದ.
ನಾನು ಮೀಸಿ ಒರಸಿಕೊಂಡು ಚಾ ಕುಡೀತಿದ್ದೆ.
ಮೀಸಿ ಇದ್ದವರನ್ನ ಯಾರು ತಪಾಸ್ತಾರ?

ಹಿಂಗಾಗಿ ಗುಳಿಗಿ ಪ್ರೆಸ್ಸಿಗೇ ಒಯ್ದೆ.
ಕೇಸಿನ್ಯಾಗ ಙ ಅಂತ ಒಂದು ಖಾನಿ.
ಆ ಮೊಳೆ ನನ್ನ ಕೈಯಾಗ ಒಮ್ಮೆನೂ ಕಾಗದ ಮುಟ್ಟಿಲ್ಲ,
ಸವದಿಲ್ಲ, ಮಸಿ ಕಂಡಿಲ್ಲ,
ವರ್ಣಮಾಲಿಯೊಳಗ ಇರಬೇಕಂತ ಐತಿ.
ಅದರ ಮಗ್ಗಲಕ್ಕ ಮಲಗಿಸಿದೆ ಪಟ್ಟಿ.

ನಲವತ್ತೊಂದನೇ ದಿನ ದಾಕ್ಷಿ ಬುತ್ತಿ ತಂದ್ಲು.
ಕೈಗೆ ನೀರು ಹಾಕಿದ್ಲು. ಕರೀ ನೀರು. ಮತ್ತ ಹಾಕಿದ್ಲು.
“ನನ್ನ ಹೆಸರು ಜೋಡಸ್ರಿ, ನೋಡೂಣು,” ಅಂದ್ಲು,
ತಾನೇ ಖಾನಿಗೆ ಕೈ ಹಾಕಿದ್ಲು, ಕೂಸು ಅಟಗಿಗೆ ಕೈ ಹಾಕಿಧಂಗ.
ಪಟ್ಟಿ ಸಿಕ್ತು.
ಹಿಂದ ಮುಂದ ತಿರುವಿ ಎಣಿಸಿದ್ಲು.
“ಎರಡು ದಿನ ತಪ್ಪಿಸೀರಿ.”
ಅಷ್ಟ.
ಆಮ್ಯಾಲ, ಬುತ್ತಿ ಗಂಟು ಬಿಚ್ಚಿಕೋತ:
“ಕಪಾಟಿನ್ಯಾಗ ಇಡ್ರಿ ಇವನ್ನ. ನನ್ನ ಬಾಟಲಿ ಮುಂದ.”

ಇಟ್ಟೆ.
ಅವ್ವ ದೇವರ ದೀಪಕ್ಕ ಎಣ್ಣಿ ತಗೊಳ್ಳಾಕ ಬಂದಾಕಿ
ನಿಂತ್ಲು. “ಯಾರವು?”
ಬಾಯಾಗ ಮೊಳೆ ಹಿಡಕೊಂಡಂಗ ಆತು.
ನನ್ನವು, ಅಂದೆ.

ದೀಪ ಹಚ್ಚಲಿಲ್ಲ ಆಕಿ ಅವತ್ತು.
ಉಣ್ಣಾಕ ಕುಂತಾಗ ಗುರೆಳ್ಳ ಹಿಂಡಿ ಬಡಿಸಿದ್ಲು, ನನಗಷ್ಟು, ದಾಕ್ಷಿಗಷ್ಟು;
ಕೈ ನಡಗತಿತ್ತು, ವಯಸ್ಸಿಗೋ ಏನೋ.
ಮಲಗೂ ಹೊತ್ತಿಗೆ ನೋಡಿದ್ರ
ಗುಳಿಗಿ ಪಟ್ಟಿ ಮಗ್ಗಲಕ್ಕ
ಒಂದು ತಂಬಗಿ ನೀರು. ಮ್ಯಾಲ ತಾಟು ಮುಚ್ಚಿತ್ತು.