ಇನ್ನೂರ ಹನ್ನೊಂದನೇ ಪುಟ

ಪರದೆ ಎಂದರೆ ಕಾಫಿ ಕಣದ ಟಾರ್ಪಾಲು.
ಎಳೆದಾಗಲೆಲ್ಲ ಒಂದೆರಡು ಒಣಬೀಜ
ಟಕ್ಕೆಂದು ಉದುರುತ್ತವೆ, ನಟರ ಕಾಲಡಿ.

ಸಿದ್ದಾಪುರದ ಶಾಲೆಯ ಸಭಾಂಗಣ.
ನಾನೂರು ಪುಟದ ಕಾದಂಬರಿಯನ್ನು
ಎರಡು ಗಂಟೆಗೆ ಇಳಿಸಿದವನು ಬೆಳ್ಯಪ್ಪ,
ಸೊಸೈಟಿಯ ಗುಮಾಸ್ತ.
ಗೊಬ್ಬರದ ರಸೀದಿಗಳ ಬೆನ್ನಿಗೆ ಮಾತು ಬರೆದು
ಒಬ್ಬೊಬ್ಬರಿಗೂ ಹಂಚಿದನಂತೆ.
ಗಂಡನ ಪಾರ್ಟು ಕಂಡಕ್ಟರ್ ಮೊಯ್ದುವಿಗೆ,
ಹೊಟ್ಟೆಗೊಂದು ದಿಂಬು.
ಮಾತು ಮರೆತು 'ರೈಟ್ ರೈಟ್' ಅಂದುಬಿಟ್ಟ;
ಸಭೆ ನಕ್ಕಿತು, ಅವನೂ ನಕ್ಕ.
ಕಥೆಯಲ್ಲಿ ಆಗಷ್ಟೇ ಮಗು ಸತ್ತಿತ್ತು.

ಪುಸ್ತಕ ಪಂಚಾಯ್ತಿ ಲೈಬ್ರರಿಯದು. ಇರುವುದೊಂದೇ ಪ್ರತಿ.
ಅದರಲ್ಲಿ ಇನ್ನೂರ ಹನ್ನೊಂದನೇ ಪುಟವಿಲ್ಲ.
ಹರಿದವಳು ನಾನು.

ಹತ್ತೊಂಬತ್ತು ವಯಸ್ಸು.
ಹೊಲಿಗೆ ಕ್ಲಾಸಿನ ಕತ್ತರಿ ಚೀಲದಲ್ಲೇ ಇತ್ತು,
ಆದರೂ ಉಗುರಿಂದ ಗೀರಿ,
ಕೆಮ್ಮಿನ ಸದ್ದಿನ ಮರೆಯಲ್ಲಿ ಕಿತ್ತೆ.
ಆ ಹಾಳೆಯಲ್ಲಿ ಅವಳು ಗಂಡನ ಮನೆಗೆ ಮರಳುತ್ತಾಳೆ,
ಹೊಸ್ತಿಲಲ್ಲಿ ನಿಂತು ತಪ್ಪಾಯಿತೆನ್ನುತ್ತಾಳೆ.
ನನಗೆ ಮದುವೆ ಗೊತ್ತಾದ ವಾರ ಅದು.
ಊರಲ್ಲಿ ಇನ್ನೊಬ್ಬಳು ಇದನ್ನು ಓದಬಾರದು ಅನ್ನಿಸಿತು.
ನಾನು ಮಾತ್ರ ಬಾಯಿಪಾಠ ಮಾಡಿಕೊಂಡೆ,
ಬೇಕಾದೀತೆಂದು. ಬೇಕಾಯಿತು ಕೂಡ.

ಇನ್ನೂರ ಹತ್ತರಲ್ಲಿ ಅವಳು ಹೊಳೆದಂಡೆಯಲ್ಲಿ.
ಇನ್ನೂರ ಹದಿಮೂರರಲ್ಲಿ ಅಡುಗೆಮನೆಯಲ್ಲಿ.
ನಡುವೆ ಏನೆಂದು ಬೆಳ್ಯಪ್ಪ ಬರೆಯಲಿಲ್ಲ,
ಅಂಗನವಾಡಿಯ ದೇಚವ್ವನಿಗೆ ಖಾಲಿ ರಸೀದಿ ಕೊಟ್ಟ.

ಅವಳು ಬಂದಳು. ಒಣ ಸೆರಗನ್ನು
ಒದ್ದೆಯೆಂಬಂತೆ ಹಿಂಡಿದಳು.
ಗಂಡನ ಕುರ್ಚಿಯಲ್ಲೇ ಕೂತು
ಮೀನಖಂಡಕ್ಕೆ ಹತ್ತಿದ ಇಂಬಳಕ್ಕೆ ಉಪ್ಪು ಹಾಕಿದಳು.
ಇಲ್ಲದ ಇಂಬಳ, ಇಲ್ಲದ ಉಪ್ಪು.
ಮೊಯ್ದು ಕಾದ. ನಾವೂ ಕಾದೆವು.
ತಪ್ಪಾಯಿತು ಎನ್ನಲೇ ಇಲ್ಲ.

ನಾಟಕ ಮುಗಿದರೂ ಮನೆಗೆ ಹೋಗಲಾಗಲಿಲ್ಲ.
ಅಮ್ಮತ್ತಿ ರಸ್ತೆಯ ತಿರುವಿನಲ್ಲಿ ಆನೆ, ಜೊತೆಗೆ ಮರಿಯಂತೆ,
ಫಾರೆಸ್ಟಿನವರ ಫೋನು: ಯಾರೂ ಹೊರಡಬೇಡಿ.
ಹಿಂದಿನ ಬೆಂಚಿನಿಂದ ಯಾರೋ ಕೂಗಿದರು,
'ಹಾಗಾದರೆ ಆ ಇಂಬಳದ್ದು ಇನ್ನೊಂದು ಸಲ ಆಗಲಿ!'

ಆಯಿತು. ಈ ಸಲ ಎರಡು ಇಂಬಳ.
ಎರಡನೆಯದನ್ನು ಅಂಗೈಲಿಟ್ಟು ತುಂಬ ಹೊತ್ತು ನೋಡಿ
ಎದ್ದು, ಬಾಗಿಲಾಚೆ ಬಿಟ್ಟು ಬಂದಳು.
ಬಾಗಿಲು ಹಾಕಲಿಲ್ಲ.

ಮುಖದ ಬಣ್ಣ ಒರೆಸುತ್ತ ನನ್ನ ಸಾಲಿಗೇ ಬಂದಳು:
'ನೀವು ಓದಿದವರು. ಪುಸ್ತಕದಲ್ಲಿ ಹೇಗಿದೆ ಅಕ್ಕಾ?'
ಹಾಳೆ ಬ್ಯಾಗಿನಲ್ಲೇ ಇತ್ತು,
ರೇಷನ್ ಕಾರ್ಡಿನ ಕವರಿನೊಳಗೆ, ನಾಲ್ಕು ಮಡಿಕೆ,
ನಲವತ್ತೊಂದು ವರ್ಷ.
'ಎರಡನೇ ಸಲ ಮಾಡಿದೆಯಲ್ಲ,' ಅಂದೆ, 'ಹಾಗೇ.'

ನಂಬಿದಳೋ ಏನೋ.
ಒಬ್ಬ ಹುಡುಗ ವೇದಿಕೆ ಮೇಲೆ ಕುಕ್ಕರುಗಾಲಲ್ಲಿ
ಬಿದ್ದ ಕಾಫಿಬೀಜ ಆಯುತ್ತಿದ್ದ.
ದಿಂಬು ಕಳಚಿ, ಸಪೂರವಾಗಿ, ಮೊಯ್ದು
ಕಿಟಕಿಗೆ ಮೂಗು ಒತ್ತಿ ಕತ್ತಲು ನೋಡಿದ.
ಇನ್ನೂ ಹೋಗಿಲ್ಲ, ಅಂದ.
ಕೂತೆವು.